ಬಿಳಿ ಚಡ್ಡಿಯ ಕೋತಿ, ಕಾಲಲ್ಲಿ ಹುಟ್ಟು: ಪುಟ್ಟ ಮಕ್ಕಳ ಜೊತೆ ವಿಯೆಟ್ನಾಂ ಹಳ್ಳಿ ಸುತ್ತುವುದು ಹೇಗೆ?

"ಗದ್ದೆ ನೋಡೋಕೆ ವಿಯೆಟ್ನಾಂಗೆ ಹೋಗ್ಬೇಕಾ? ಮಂಡ್ಯಕ್ಕೆ ಹೋದ್ರೆ ಸಾಕಲ್ವಾ?" ಟಿಕೆಟ್ ಬುಕ್ ಮಾಡಿದ ದಿನ ನಮ್ಮತ್ತೆ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಗದ್ದೆಯ ಮಧ್ಯದಿಂದ ನೆಟ್ಟಗೆ ಎದ್ದು ನಿಂತ ಸುಣ್ಣದ ಕಲ್ಲಿನ ಗುಡ್ಡ, ಆ ಗುಡ್ಡದ ಹೊಟ್ಟೆಯೊಳಗೇ ನುಗ್ಗಿ ಹರಿಯುವ ಹೊಳೆ, ಕೈ ಕಟ್ಟಿ ಕೂತು ಕಾಲಿನಲ್ಲೇ ಹುಟ್ಟು ಹಾಕುವ ಹೆಂಗಸರು ಮಂಡ್ಯದಲ್ಲಿ ಸಿಗುವುದಿಲ್ಲ ಎಂದು ಉತ್ತರ ಕೊಟ್ಟೆ. ನಿಜ ಹೇಳಬೇಕೆಂದರೆ ನನ್ನ ಆರು ವರ್ಷದ ಮಗಳು, ಮೂರು ವರ್ಷದ ಮಗ ಅಲ್ಲಿ ಜಾಸ್ತಿ ಹೊತ್ತು ನೋಡಿದ್ದು ಗುಡ್ಡವನ್ನಲ್ಲ, ಬಾತುಕೋಳಿಗಳನ್ನು. ಇಡೀ ಪ್ರವಾಸವನ್ನು ಈ ಬಾತುಕೋಳಿ ಲೆಕ್ಕದಲ್ಲೇ ಹಾಕಿಕೊಳ್ಳಿ. ದೊಡ್ಡವರಿಗೂ ಸುಖ, ಮಕ್ಕಳಿಗೂ ಸುಖ.

1. ಊರು ಕಡಿಮೆ ಮಾಡಿ

ಪ್ಯಾಕೇಜ್ ಟೂರಿನವರು ಎಂಟು ದಿನಕ್ಕೆ ಹನೋಯಿ, ಸಾಪಾ, ಹಾ ಲಾಂಗ್, ಹೋಯಿ ಆನ್, ಹೋ ಚಿ ಮಿನ್ ಸಿಟಿ ಎಲ್ಲವನ್ನೂ ತುರುಕುತ್ತಾರೆ. ಹನೋಯಿಯಿಂದ ಹೋ ಚಿ ಮಿನ್ ಸಿಟಿಗೆ ರೈಲಿನ ದಾರಿ 1,726 ಕಿಲೋಮೀಟರ್. ಮಕ್ಕಳಿರುವವರು ಒಂದು ತುದಿ ಹಿಡಿದುಕೊಂಡರೆ ಸಾಕು.

ನಾನು ಉತ್ತರ ಹಿಡಿದುಕೊಂಡೆ. ಹನೋಯಿಯಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್ ಒಳಗೇ ಇರುವ ನಿನ್ ಬಿನ್‌ನಲ್ಲಿ ಮೂರು ರಾತ್ರಿ. ಅಲ್ಲಿಂದ ಕಾರಿನಲ್ಲಿ ಮೂರೂವರೆ-ನಾಲ್ಕು ಗಂಟೆ ದೂರದ ಮಾಯ್ ಚೌ ಕಣಿವೆಯಲ್ಲಿ ಎರಡು ರಾತ್ರಿ. ಹೋಗುವಾಗ ಬರುವಾಗ ಹನೋಯಿಯಲ್ಲಿ ಒಂದೊಂದು ರಾತ್ರಿ. ಮೂರು ವರ್ಷದೊಳಗಿನ ಮಗು ಇದ್ದರೆ ಮಾಯ್ ಚೌ ಕೂಡ ಬಿಟ್ಟುಬಿಡಿ. ನಿನ್ ಬಿನ್ ಒಂದೇ ಐದು ದಿನಕ್ಕೆ ಸಾಕಾಗುತ್ತದೆ.

ಸಾಪಾದ ಮೆಟ್ಟಿಲು ಗದ್ದೆಗಳ ಫೋಟೋ ನೋಡಿ ಆಸೆ ಆಗುವುದು ಸಹಜ. ಆದರೆ ಅಲ್ಲಿ ಗದ್ದೆ ನೋಡುವುದೆಂದರೆ ಇಳಿಜಾರಿನ ಜಾರು ಹಾದಿಯಲ್ಲಿ ಗಂಟೆಗಟ್ಟಲೆ ನಡೆಯುವುದು. ಹತ್ತು ವರ್ಷ ದಾಟಿದ ಮೇಲೆ ಕರೆದುಕೊಂಡು ಹೋಗಿ.

2. ಶಾಲೆಯ ರಜೆಗೂ ಭತ್ತಕ್ಕೂ ತಾಳೆ ಹಾಕಿ

ನಮಗೆ ಸಿಗುವುದು ಎರಡೇ ರಜೆ, ಬೇಸಿಗೆ ಮತ್ತು ದಸರಾ. ಏಪ್ರಿಲ್‌ನಲ್ಲಿ ಹೋದರೆ ನಿನ್ ಬಿನ್ ಗದ್ದೆ ಹಚ್ಚ ಹಸಿರು, ಬಿಸಿಲೂ ತಡೆಯುವಷ್ಟಿರುತ್ತದೆ. ಮೇ ಕೊನೆಯ ಹೊತ್ತಿಗೆ ಪೈರು ಹೊಂಬಣ್ಣಕ್ಕೆ ತಿರುಗುತ್ತದೆ. ಫೋಟೋಗಳಲ್ಲಿ ಕಾಣುವ ಆ ಬಣ್ಣ ಇದೇ. ಆದರೆ ಸೆಕೆ ಮಂಗಳೂರಿನ ಮೇ ತಿಂಗಳನ್ನೇ ನೆನಪಿಸುತ್ತದೆ. ನನ್ನ ಓಟು ಏಪ್ರಿಲ್ ಕೊನೆಯ ವಾರಕ್ಕೆ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಚಿಟ್ಟೆಗಳು. ಅದನ್ನು ಮುಂದೆ ಹೇಳುತ್ತೇನೆ.

ದಸರಾ ರಜೆಯಲ್ಲಿ ಹೋಗುವವರು ಹವಾಮಾನದ ಮೇಲೆ ಒಂದು ಕಣ್ಣಿಡಿ. ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರ ವಿಯೆಟ್ನಾಂನಲ್ಲಿ ಚಂಡಮಾರುತದ ಕಾಲ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಹೊಡೆದದ್ದು ಇದೇ ಭಾಗಕ್ಕೆ. ಡಿಸೆಂಬರ್-ಜನವರಿಯಲ್ಲಿ ಚಳಿ, ಜೊತೆಗೆ ಜಿಟಿಜಿಟಿ ಮಳೆ. ಜನವರಿ ಕೊನೆ-ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ 'ತೆತ್' ಸಮಯದಲ್ಲಿ ಅಂಗಡಿ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

3. ಮಕ್ಕಳಿಗೂ ಪ್ರತ್ಯೇಕ ವೀಸಾ

ಇ-ವೀಸಾವನ್ನು ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಮಾಡಿಸಿ. ಒಂದು ಸಲ ಪ್ರವೇಶಕ್ಕೆ 25 ಡಾಲರ್. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಿದ್ದಾರೆ. ಅರ್ಜಿಯಲ್ಲಿ 14 ವರ್ಷದೊಳಗಿನ ಮಕ್ಕಳ ವಿವರ ತುಂಬುವ ಜಾಗವೊಂದಿದೆ. ಅಲ್ಲಿ ಮಕ್ಕಳ ಹೆಸರು ಬರೆದು ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅದು ಅಪ್ಪ-ಅಮ್ಮನ ಪಾಸ್‌ಪೋರ್ಟ್‌ನಲ್ಲೇ ಹೆಸರಿರುವ ಮಕ್ಕಳಿಗೆ. ನಮ್ಮ ಮಕ್ಕಳಿಗೆ ಅವರವರದೇ ಪಾಸ್‌ಪೋರ್ಟ್ ಇರುವುದರಿಂದ ತಲೆಗೊಂದು ಅರ್ಜಿ ಬೇಕು.

ಇನ್ನೊಂದು ಮಾತು ನಮ್ಮ ಇನಿಷಿಯಲ್ ಸಮಸ್ಯೆ. ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು. ಪಾಸ್‌ಪೋರ್ಟ್‌ನಲ್ಲಿ ಇರುವುದನ್ನು ಅಕ್ಷರ ಬಿಡದೆ ಹಾಗೇ ತುಂಬಿ. ಒಂದಕ್ಷರ ಹೆಚ್ಚುಕಡಿಮೆಯಾದರೂ ವಿಮಾನ ಹತ್ತಿಸಲು ತಕರಾರು ಮಾಡುತ್ತಾರೆ.

4. ಮೊದಲ ಸಂಜೆ ಗೊಂಬೆಯಾಟ

ಹನೋಯಿಗೆ ಇಳಿದ ದಿನ ಮ್ಯೂಸಿಯಂ ಗೀಸಿಯಂ ಬೇಡ. ಹೋಟೆಲಿನಲ್ಲಿ ನಿದ್ದೆ ಮಾಡಿಸಿ, ಸಂಜೆ ಥಾಂಗ್ ಲಾಂಗ್ ರಂಗಮಂದಿರದಲ್ಲಿ ನೀರಿನ ಗೊಂಬೆಯಾಟಕ್ಕೆ ಕರೆದುಕೊಂಡು ಹೋಗಿ. ಇದು ಕೆಂಪು ನದಿಯ ಬಯಲಿನ ರೈತರ ಆಟ. ಸಾವಿರ ವರ್ಷದಷ್ಟು ಹಳೆಯದು, ಊರ ಕೆರೆಕಟ್ಟೆಗಳಲ್ಲಿ ಆಡುತ್ತಿದ್ದದ್ದು. ಆಡಿಸುವವರು ಪರದೆಯ ಹಿಂದೆ ಸೊಂಟದವರೆಗಿನ ನೀರಿನಲ್ಲಿ ನಿಂತಿರುತ್ತಾರೆ. ಗೊಂಬೆಗಳು ನೀರಿನ ಮೇಲೆ ನಾಟಿ ಮಾಡುತ್ತವೆ, ಎಮ್ಮೆ ಹೂಡುತ್ತವೆ, ಮೀನು ಹಿಡಿಯುತ್ತವೆ, ಬಾತುಕೋಳಿ ಕದಿಯಲು ಬಂದ ನರಿಯನ್ನು ಅಟ್ಟುತ್ತವೆ. ಮಾತು ಅರ್ಥವಾಗದಿದ್ದರೂ ಮಕ್ಕಳು ಕೂತು ನೋಡುತ್ತಾರೆ. ಮಾರನೇ ದಿನ ನಿಜವಾದ ಎಮ್ಮೆ ಕಂಡಾಗ ನನ್ನ ಮಗ ಕೂಗಿದ್ದು, "ಅಮ್ಮಾ, ಇದು ಹೊರಗೆ ಬಂದ್ಬಿಟ್ಟಿದೆ!"

5. ಗಡಿಯಾರ ಮತ್ತು ನೋಟು

ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಮುಂದೆ. ಇಷ್ಟೇ ತಾನೇ ಅನಿಸುತ್ತದೆ. ಆದರೆ ಬೆಳಗ್ಗೆ ಆರಕ್ಕೆ ಸೈಕಲ್ ಹೊಡೆಯೋಣ ಅಂದರೆ ಮಗುವಿನ ಹೊಟ್ಟೆಯ ಗಡಿಯಾರದಲ್ಲಿ ಅದು ನಾಲ್ಕೂವರೆ. ಮೊದಲ ಎರಡು ಬೆಳಗ್ಗೆ ಏನೂ ಇಟ್ಟುಕೊಳ್ಳಬೇಡಿ. ಮೂರನೇ ದಿನದಿಂದ ಕೋಳಿಗಳೇ ಎಬ್ಬಿಸುತ್ತವೆ. ಕೆಲವು ಊರುಗಳಲ್ಲಿ ನಸುಕಿಗೇ ಧ್ವನಿವರ್ಧಕದಲ್ಲಿ ಸುದ್ದಿ ಓದುತ್ತಾರೆ, ಅದೂ ಎಬ್ಬಿಸುತ್ತದೆ.

ಆಮೇಲಿನ ದಿನಚರಿ ಹಳ್ಳಿಯವರದ್ದೇ ನಿಮ್ಮದೂ ಆಗಲಿ. ಅವರು ಬೆಳಗ್ಗೆ ಬೇಗ ಕೆಲಸಕ್ಕೆ ಇಳಿದು, ಹನ್ನೊಂದೂವರೆಗೆಲ್ಲ ಊಟ ಮಾಡಿ, ಒಂದು ನಿದ್ದೆ ತೆಗೆಯುತ್ತಾರೆ. ಆ ಹೊತ್ತಿಗೆ ಊರಿಗೆ ಊರೇ ಸ್ತಬ್ಧ. ನೀವೂ ಫ್ಯಾನ್ ಹಾಕಿಕೊಂಡು ಮಲಗಿ. ನಾಲ್ಕರ ಮೇಲೆ ಮತ್ತೆ ಹೊರಡಿ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರಿಕೆ. 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಮೊದಲನೆಯದು ಸುಮಾರು 70 ರೂಪಾಯಿ, ಎರಡನೆಯದು 1,700ರ ಆಸುಪಾಸು. ಎರಡನ್ನೂ ಒಂದೇ ಜೇಬಿನಲ್ಲಿ ಇಡಬೇಡಿ. ಕಬ್ಬಿನ ಹಾಲಿಗೆ ನಾನು ದೊಡ್ಡದನ್ನೇ ಕೊಟ್ಟಿದ್ದೆ. ಅಂಗಡಿಯ ಅಜ್ಜಿ ನಕ್ಕು ವಾಪಸ್ ಕೊಟ್ಟರು.

6. ದೋಣಿ ಆರಿಸುವಾಗ

ನಿನ್ ಬಿನ್‌ನಲ್ಲಿ ಮುಖ್ಯವಾಗಿ ಮೂರು ಕಡೆ ದೋಣಿ ಹತ್ತಬಹುದು. ಮೂರೂ ಒಂದೇ ಥರ ಅಲ್ಲ.

ಟ್ರಾಂಗ್ ಆನ್ ಹೆಚ್ಚು ಹೆಸರಾಗಿರುವುದು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಚೆಂದವೇ, ಆದರೆ ಸುಮಾರು ಮೂರು ಗಂಟೆ ದೋಣಿಯಲ್ಲೇ ಇರಬೇಕು. ಗುಹೆಗಳ ಸೂರು ಎಷ್ಟು ತಗ್ಗೆಂದರೆ ದೊಡ್ಡವರು ಬಗ್ಗಿ ಕೂರಬೇಕು. ಒಂದಕ್ಕೆ ಬಂತು ಎಂದು ಮಗು ನಡುನೀರಿನಲ್ಲಿ ಹೇಳಿದರೆ ಏನು ಮಾಡುತ್ತೀರಿ ಎನ್ನುವುದನ್ನು ಮೊದಲೇ ಯೋಚಿಸಿಕೊಳ್ಳಿ.

ತಾಮ್ ಕೊಕ್ ಎಂದರೆ ಮೂರು ಗುಹೆ ಎಂದರ್ಥ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಹೊಳೆಯ ಎರಡೂ ಬದಿ ಗದ್ದೆ. ಒರಗಿ ಕೂತು ಪಾದದಲ್ಲಿ ಹುಟ್ಟು ತಿರುಗಿಸುವವರನ್ನು ನೋಡಲು ಇದೇ ಜಾಗ. ಮಕ್ಕಳು ಆ ಕಾಲುಗಳ ಮೇಲಿಂದ ಕಣ್ಣೇ ತೆಗೆಯುವುದಿಲ್ಲ. ದೋಣಿಯವರು ಕಸೂತಿ ಬಟ್ಟೆ ಮಾರಲು ನೋಡುವುದುಂಟು. ಬೇಡವೆಂದರೆ ನಗುತ್ತಾ ಬೇಡ ಅನ್ನಿ, ಇಳಿಯುವಾಗ ಒಂದಿಷ್ಟು ಟಿಪ್ಸ್ ಕೊಡಿ.

ನನ್ನ ಮೆಚ್ಚಿನದು ವಾನ್ ಲಾಂಗ್. ಕನ್ನಡಿಯಂಥ ನೀರಿನ ಜೌಗು ಪ್ರದೇಶ, ಜನ ಕಡಿಮೆ, ಗದ್ದಲವಿಲ್ಲ. ಇಲ್ಲಿನ ಬಂಡೆಗಳ ಮೇಲೆ ಡೆಲಕೂರ್ ಲಂಗೂರ್ ಎಂಬ ಮುಸುವ ಇದೆ. ಮೈಯೆಲ್ಲ ಕಪ್ಪು, ಸೊಂಟದಿಂದ ತೊಡೆಯವರೆಗೆ ಮಾತ್ರ ಬಿಳಿ. ಥೇಟ್ ಬಿಳಿ ಚಡ್ಡಿ ಹಾಕಿಕೊಂಡ ಹಾಗೆ. ಇಡೀ ಪ್ರಪಂಚದಲ್ಲಿ ಉತ್ತರ ವಿಯೆಟ್ನಾಂ ಬಿಟ್ಟರೆ ಇನ್ನೆಲ್ಲೂ ಕಾಡಿನಲ್ಲಿ ಇಲ್ಲ. ಸಂಜೆ ಹೋಗಿ, ಬೈನಾಕ್ಯುಲರ್ ಒಯ್ಯಿರಿ. ಕಾಣದಿದ್ದರೂ ಚಿಂತೆ ಬೇಡ. ಒಂದು ಗಂಟೆ ದಾರಿಯ ಕುಕ್ ಫುವಾಂಗ್ ರಾಷ್ಟ್ರೀಯ ಉದ್ಯಾನದ ಪುನರ್ವಸತಿ ಕೇಂದ್ರದಲ್ಲಿ ಖಂಡಿತ ಸಿಗುತ್ತವೆ. 1962ರಲ್ಲಿ ಆದ ಈ ಉದ್ಯಾನ ವಿಯೆಟ್ನಾಂನ ಮೊದಲನೆಯದು. ಏಪ್ರಿಲ್ ಕೊನೆಯಿಂದ ಮೇವರೆಗೆ ಇಲ್ಲಿನ ಕಾಡುರಸ್ತೆಯಲ್ಲಿ ಬಿಳಿ ಚಿಟ್ಟೆಗಳು ಹಿಂಡುಹಿಂಡಾಗಿ ಏಳುತ್ತವೆ. ಮಕ್ಕಳು ಅವುಗಳ ಮಧ್ಯೆ ಓಡಲಿ, ಬಿಡಿ.

ಎಲ್ಲೇ ದೋಣಿ ಹತ್ತಿದರೂ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಕೇಳದಿದ್ದರೆ ದೊಡ್ಡವರದ್ದನ್ನೇ ತೊಡಿಸುತ್ತಾರೆ, ಅದು ತಲೆಯ ಮೇಲಿಂದ ಜಾರಿಹೋಗುತ್ತದೆ. ಹಾಂಗ್ ಮುವಾ ಗುಡ್ಡದ ಐನೂರರಷ್ಟು ಮೆಟ್ಟಿಲನ್ನು ಒಬ್ಬರು ಹತ್ತಿ, ಇನ್ನೊಬ್ಬರು ಮಕ್ಕಳ ಜೊತೆ ಕೆಳಗೆ ತಾವರೆ ಕೊಳದ ಹತ್ತಿರ ಇರಿ. ಮೇಲೆ ಬಂಡೆಗಳು ಚೂಪು, ಜಾಗ ಇಕ್ಕಟ್ಟು.

7. ಬೈಕ್ ಬೇಡ, ಸೈಕಲ್ ಸಾಕು

ಅಲ್ಲಿ ಎಲ್ಲರೂ ಬಾಡಿಗೆ ಬೈಕ್ ಓಡಿಸುತ್ತಾರೆ, ನಮಗೇನು ಅನಿಸಬಹುದು. ಭಾರತದಲ್ಲಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದು. ಹಾಗಾಗಿ ನಮ್ಮದು ಅಲ್ಲಿ ನಡೆಯುವುದಿಲ್ಲ. ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಆ ಸಾಹಸ ಬೇಡವೇ ಬೇಡ. ಊರಿಂದೂರಿಗೆ ಡ್ರೈವರ್ ಸಮೇತ ಕಾರು ಮಾಡಿ. ಹಿಂದಿನ ಸೀಟಿಗೆ ಬೆಲ್ಟ್ ಇದೆಯಾ ಎಂದು ಬುಕ್ ಮಾಡುವಾಗಲೇ ಕೇಳಿ. ಮಕ್ಕಳ ಸೀಟು ಸಿಗುವುದು ಕಷ್ಟ, ಮಡಚುವಂಥದ್ದಿದ್ದರೆ ಮನೆಯಿಂದ ಒಯ್ಯಿರಿ.

ಊರೊಳಗೆ ಸೈಕಲ್. ಹಿಂದೆ ಪುಟ್ಟ ಕುರ್ಚಿ ಕಟ್ಟಿದ ಸೈಕಲ್ ಇದೆಯಾ ಎಂದು ಹೋಮ್‌ಸ್ಟೇಯವರನ್ನು ಕೇಳಿ. ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು, ಇದನ್ನು ದಿನಕ್ಕೆ ಮೂರು ಸಲ ನಿಮಗೆ ನೀವೇ ಹೇಳಿಕೊಳ್ಳಿ. ಸುಗ್ಗಿಯ ದಿನಗಳಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ನಮ್ಮಲ್ಲಿ ರಾಗಿ, ಹುರುಳಿ ಹರವುವ ಹಾಗೆ. ಅದರ ಮೇಲೆ ಸೈಕಲ್ ಹತ್ತಿಸಬೇಡಿ. ಅವರು ಹಾಕಿರುವುದು ಒಣಗಲಿ ಎಂದು, ತುಳಿಸಲು ಅಲ್ಲ.

ಗದ್ದೆಯ ನಡುವೆ ಅಲ್ಲಲ್ಲಿ ಗೊಂಬೆ ಮನೆಯಂಥ ಕಟ್ಟೆಗಳು ಕಾಣುತ್ತವೆ. "ಅದು ಯಾರ ಮನೆ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವು ಸಮಾಧಿಗಳು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಹೊಲದಲ್ಲೇ ಹಿರಿಯರನ್ನು ಮಣ್ಣು ಮಾಡುವುದಿಲ್ಲವೇ, ಹಾಗೆಯೇ. "ಅವರ ಅಜ್ಜ-ಅಜ್ಜಿ ಮಲಗಿರುವ ಜಾಗ, ಹತ್ತಬಾರದು" ಎಂದೆ. ಮಗಳು ಅಷ್ಟಕ್ಕೇ ಒಪ್ಪಿಕೊಂಡಳು.

8. ಊಟ: ಪುಡಿ ಡಬ್ಬ ಮರೆಯಬೇಡಿ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಎಚ್ಚರ ಬೇಕು. 'ಚಾಯ್' ಎಂದರೆ ಸಸ್ಯಾಹಾರ. ಬೌದ್ಧರಲ್ಲಿ ಎಷ್ಟೋ ಜನ ಹುಣ್ಣಿಮೆ-ಅಮಾವಾಸ್ಯೆಯ ಸುಮಾರಿಗೆ ಚಾಯ್ ಊಟ ಮಾಡುವುದರಿಂದ ಪದ ಎಲ್ಲರಿಗೂ ಗೊತ್ತು. ಸಮಸ್ಯೆ ಇರುವುದು ಮೀನಿನ ಸಾಸ್‌ನಲ್ಲಿ. ಬರೀ ಸೊಪ್ಪಿನ ಪಲ್ಯಕ್ಕೂ ಅದನ್ನು ಚಿಮುಕಿಸುತ್ತಾರೆ. "ಮಾಂಸ ಬೇಡ, ಮೀನಿನ ಸಾಸ್ ಬೇಡ" ಎಂದು ಅವರ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಲು ಹೋದರೆ ಕಷ್ಟ. ಅವರ ಭಾಷೆಗೆ ಆರು ಸ್ವರ. 'ಮಾ' ಎಂಬ ಒಂದೇ ಉಲಿ ರಾಗ ಬದಲಾದ ಹಾಗೆ ದೆವ್ವವೂ ಆಗುತ್ತದೆ, ಕುದುರೆಯೂ ಆಗುತ್ತದೆ, ನಾಟಿ ಮಾಡುವ ಭತ್ತದ ಸಸಿಯೂ ಆಗುತ್ತದೆ.

ಮಕ್ಕಳಿಗೆ ಹೊಂದುವುದು ಬಿಸಿ ಅನ್ನ, ಟೊಮೆಟೊ ಗೊಜ್ಜಿನಂಥ ರಸದಲ್ಲಿ ಬೇಯಿಸಿದ ತೋಫು, ಬೆಳಗ್ಗೆ ಹೆಸರುಬೇಳೆ ಹಾಕಿದ ಅಂಟಕ್ಕಿ ಅನ್ನ. ಕಡಲೆಕಾಯಿ, ಎಳ್ಳು, ಉಪ್ಪು ಕುಟ್ಟಿದ ಪುಡಿಯೊಂದನ್ನು ಅನ್ನಕ್ಕೆ ಹಚ್ಚಿಕೊಳ್ಳುತ್ತಾರೆ. ನಮ್ಮ ಚಟ್ನಿಪುಡಿಯ ತಂಗಿ ಅನ್ನಬಹುದು, ಖಾರ ಮಾತ್ರ ಇಲ್ಲ. ಮನೆಯ ತುಪ್ಪ ಇದ್ದರೆ ಊಟ ಮುಗಿದ ಹಾಗೇ. ಮೊಸರನ್ನ ಇಲ್ಲದೆ ಆಗದ ಮಕ್ಕಳಿದ್ದರೆ ಹನೋಯಿಯ ಸೂಪರ್‌ಮಾರ್ಕೆಟ್‌ನಲ್ಲೇ 'ಖೋಂಗ್ ದುವಾಂಗ್', ಅಂದರೆ ಸಕ್ಕರೆ ಇಲ್ಲದ ಮೊಸರು ಕೇಳಿ ತೆಗೆದುಕೊಳ್ಳಿ. ಅಲ್ಲಿ ಮೊಸರೆಂದರೆ ಸಾಮಾನ್ಯವಾಗಿ ಸಿಹಿ. ನಲ್ಲಿ ನೀರು ಕುಡಿಸಬೇಡಿ.

9. ಮರದ ಮನೆಯಲ್ಲಿ ಎರಡು ರಾತ್ರಿ

ಮಾಯ್ ಚೌನಲ್ಲಿರುವುದು ಬಿಳಿ ಥಾಯ್ ಎಂಬ ಸಮುದಾಯದವರು. ಕಂಬಗಳ ಮೇಲೆ ನಿಂತ ಮರದ ಮನೆ, ಕೆಳಗೆ ಮಗ್ಗ, ಸೈಕಲ್ಲು, ಕೋಳಿ. ಬಿದಿರು ಸೀಳಿ ಹಾಸಿದ ನೆಲದ ಸಂದಿಯಿಂದ ಕೆಳಗಿನ ಕೋಳಿಗಳು ಕಾಣುತ್ತವೆ. ನನ್ನ ಮಗ ಅರ್ಧ ದಿನ ಮಕಾಡೆ ಮಲಗಿ ಕಳೆದದ್ದು ಅದನ್ನು ನೋಡಿಕೊಂಡೇ. ಮೆಟ್ಟಿಲು ತೆರೆದೇ ಇರುತ್ತದೆ, ಅಂಬೆಗಾಲಿಡುವ ಮಗುವಿದ್ದರೆ ಮಗ್ಗುಲಲ್ಲೇ ಒಬ್ಬರು ಇರಬೇಕು. ದೊಡ್ಡ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ, ನಡುವೆ ಬರೀ ಪರದೆ. ರಾತ್ರಿ ಅಳುವ ಮಗುವಿದ್ದರೆ ಪ್ರತ್ಯೇಕ ಕೋಣೆಯನ್ನೇ ಕೇಳಿ. ಸೊಳ್ಳೆ ಪರದೆ ಕಟ್ಟಿಸಿ. ಡೆಂಗಿ ಅಲ್ಲೂ ಇದೆ. ಬೀದಿ ನಾಯಿಗಳನ್ನು ಮುಟ್ಟಬಾರದೆಂದು ಮೊದಲೇ ಹೇಳಿಡಿ.

ಹೋಗುವ ಮೊದಲು ಮಕ್ಕಳಿಗೆ ನಾಲ್ಕು ಪದ ಕಲಿಸಿ. ನಮ್ಮ ಹಾಗೆ ಅಲ್ಲೂ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಸಂಬಂಧ ಹಚ್ಚಿ ಮಾತಾಡಿಸುತ್ತಾರೆ. ಬಾ ಎಂದರೆ ಅಜ್ಜಿ, ಚಿ ಎಂದರೆ ಅಕ್ಕ, ಕೋ ಎಂದರೆ ಅಪ್ಪನ ತಂಗಿ, ಚೂ ಎಂದರೆ ಚಿಕ್ಕಪ್ಪ. ಇಂಗ್ಲಿಷರಿಗೆ ಇದು ತಲೆನೋವು, ನಮ್ಮ ಮಕ್ಕಳಿಗೆ ಸುಲಭ. "ಚಾವ್ ಬಾ" ಎಂದು ಮಗಳು ಹೇಳಿದ್ದೇ ತಡ, ಮನೆಯ ಅಜ್ಜಿ ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಅನ್ನ ಸುಲಿದು ಕೈಗಿಟ್ಟರು. ಒಂದು ವಿಷಯ, ಅಪರಿಚಿತರು ಮಕ್ಕಳ ಕೆನ್ನೆ ಹಿಂಡುತ್ತಾರೆ, ಎತ್ತಿಕೊಳ್ಳುತ್ತಾರೆ. ಪ್ರೀತಿಯಿಂದಲೇ. ನಿಮ್ಮ ಮಗುವಿಗೆ ಇಷ್ಟವಾಗದಿದ್ದರೆ ನೀವೇ ಎತ್ತಿಕೊಂಡು ನಕ್ಕುಬಿಡಿ, ಅವರಿಗೆ ಗೊತ್ತಾಗುತ್ತದೆ.

10. ವಾಪಸ್ ಹೊರಡುವಾಗ

ವಿಮಾನದ ಹಿಂದಿನ ದಿನವೇ ಹನೋಯಿಗೆ ಬಂದುಬಿಡಿ. ಮಾಯ್ ಚೌನಿಂದ ಥುಂಗ್ ಖೆ ಘಾಟಿ ಹತ್ತಿ ಇಳಿದು ಬರಲು ನಾಲ್ಕು ಗಂಟೆ ಬೇಕು, ವಾಂತಿ ಮಾಡುವ ಮಕ್ಕಳಿದ್ದರೆ ಐದು. ಹನೋಯಿಯ ಹಳೇ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿಗಳಿವೆ. ಕೆಸರಿನ ಬಟ್ಟೆ ಅಲ್ಲೇ ಹಾಕಿ. ಹಾಕುವ ಮೊದಲು ಜೇಬು ನೋಡಿ. ನಮ್ಮ ಮಗನ ಚಡ್ಡಿ ಜೇಬಿನಲ್ಲಿ ಎರಡು ಬಸವನ ಹುಳು ಇದ್ದವು, ಒಂದು ಜೀವಂತ.