ಒಂದು ಕಿಲೋ ಮೈಲುತುತ್ತದಲ್ಲಿ ಎಷ್ಟು ಮೋಲ್?

ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಮಳೆಗಾಲಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟಿನ ನೀಲಿ ಹರಳು) ತಂದಿಟ್ಟೇ ಇರುತ್ತಾರೆ. ಮೋಲ್ ಲೆಕ್ಕ ಕಲಿಯುವ ಪಿಯುಸಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೋಲ್ ಎಂದರೆ ಒಂದು ಎಣಿಕೆ: 6.022 × 10²³ ಕಣಗಳು. ಅಷ್ಟು ಕಣಗಳು ಎಷ್ಟು ಗ್ರಾಂ ತೂಗುತ್ತವೆಯೋ ಅದೇ ಆ ವಸ್ತುವಿನ ಮೋಲಾರ್ ರಾಶಿ. ಗ್ರಾಂ ಅನ್ನು ಮೋಲಾರ್ ರಾಶಿಯಿಂದ ಭಾಗಿಸಿದರೆ ಮೋಲ್ ಸಿಗುತ್ತದೆ.

ಮೊದಲು ಸೂತ್ರ ಬರೆದುಕೊಳ್ಳಿ: CuSO₄·5H₂O. ನೀಲಿ ಹರಳಿನಲ್ಲಿ ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಮ್ಲಜನಕ. ಜೊತೆಗೆ ಐದು ನೀರಿನ ಅಣು. ತಾಮ್ರ 63.55, ಗಂಧಕ 32.06, ನಾಲ್ಕು ಆಮ್ಲಜನಕ 64.00, ಐದು ನೀರು 90.08. ಕೂಡಿದರೆ 249.69 ಗ್ರಾಂ. ಹೆಚ್ಚಿನವರು ತಪ್ಪುವುದು ಇಲ್ಲೇ. ನೀರನ್ನು ಬಿಟ್ಟು 159.61 ಎಂದು ಬರೆದುಬಿಡುತ್ತಾರೆ. ಹರಳು ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಆದರೆ ಅದರ ತೂಕದಲ್ಲಿ ನೂರಕ್ಕೆ 36 ಪಾಲು ನೀರು. ಪ್ರಯೋಗಾಲಯದಲ್ಲಿ ಒಂದೆರಡು ಹರಳನ್ನು ಒಣ ಪ್ರನಾಳದಲ್ಲಿ ಕಾಸಿ ನೋಡಿ: ನೀಲಿ ಹೋಗಿ ಬೂದುಬಿಳಿ ಪುಡಿಯಾಗುತ್ತದೆ, ಪ್ರನಾಳದ ಬಾಯಿಯ ಹತ್ತಿರ ಹನಿ ಕಟ್ಟುತ್ತದೆ. ತಣಿದ ಮೇಲೆ ಒಂದು ತೊಟ್ಟು ನೀರು ಬಿಟ್ಟರೆ ಮತ್ತೆ ನೀಲಿ.

ಶೇಕಡಾ ಸಂಯೋಜನೆಗೆ ಪ್ರತಿ ಧಾತುವಿನ ಪಾಲನ್ನು 249.69ರಿಂದ ಭಾಗಿಸಿ 100ರಿಂದ ಗುಣಿಸಿ. ತಾಮ್ರ 25.45, ಗಂಧಕ 12.84, ಜಲಜನಕ 4.04. ಆಮ್ಲಜನಕಕ್ಕೆ ನೀರಿನ ಐದನ್ನೂ ಸೇರಿಸಿ ಒಂಬತ್ತು ಪರಮಾಣು ಹಿಡಿಯಬೇಕು: 57.67. ಮೊತ್ತ 100 ಬರದಿದ್ದರೆ ಎಲ್ಲೋ ಒಂದು ಪರಮಾಣು ಬಿಟ್ಟಿದ್ದೀರಿ, ಇಲ್ಲವೇ ನಡುವೆಯೇ ದಶಾಂಶ ಕತ್ತರಿಸಿದ್ದೀರಿ. ಅಂಕೆಗಳನ್ನು ಕೊನೆಯ ಸಾಲಿನಲ್ಲಿ ಮಾತ್ರ ಕಡಿಮೆ ಮಾಡಿ.

ಈಗ ತೋಟಕ್ಕೆ ಬನ್ನಿ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ಮದ್ದಿಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ 1000 ÷ 249.69, ಅಂದರೆ 4.005 ಮೋಲ್, ಅದರಲ್ಲಿ ತಾಮ್ರ 254.5 ಗ್ರಾಂ. ಇಷ್ಟೇ ತಾಮ್ರ ನಿರ್ಜಲ (ನೀರು ಕಳೆದ ಬೂದುಬಿಳಿ) ಪುಡಿಯಿಂದ ಬೇಕಾದರೆ 639 ಗ್ರಾಂ ಸಾಕು. ಹಾಗಾಗಿ ಬಾಟಲಿಯ ಮೇಲಿನ ಹೆಸರನ್ನು ಪೂರ್ತಿ ಓದಿಯೇ ತೂಗಬೇಕು.

ಒಂದು ಮೋಲ್ ಮೈಲುತುತ್ತಕ್ಕೆ ಒಂದು ಮೋಲ್ ಅರಳಿದ ಸುಣ್ಣ (Ca(OH)₂, ಮೋಲಾರ್ ರಾಶಿ 74.09) ಎಂದು ಸರಳ ಸಮೀಕರಣ ಹಿಡಿದರೆ, 4.005 × 74.09, ಅಂದರೆ 297 ಗ್ರಾಂ ಸಾಕಾಗಬೇಕು. ಮತ್ತೇಕೆ 1 ಕಿಲೋ? ಲೆಕ್ಕದ ಸುಣ್ಣ ಶುದ್ಧ, ಚೀಲದ ಸುಣ್ಣ ಹಾಗಲ್ಲ. ಕರಾವಳಿಯ ಚಿಪ್ಪಿಸುಣ್ಣವೇ ಆಗಲಿ, ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಚಿಪ್ಪಿಯಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಅದರಿಂದ ತಾಮ್ರವನ್ನು ಹಿಡಿದಿಡುವ ಕೆಲಸ ಆಗದು.

ಮೈಲುತುತ್ತವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯನ್ನು ತಾಮ್ರದ ದ್ರಾವಣ ತಿನ್ನುತ್ತದೆ. ತುತ್ತ, ಸುಣ್ಣ ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಆಮೇಲೆ ಹೊಳೆಯುವ ಹಾಗೆ ಉಜ್ಜಿದ ಕಬ್ಬಿಣದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಪೊರೆ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಅದು ಹಿಂಗಾರವನ್ನೂ (ಅಡಿಕೆಯ ಹೂಗೊಂಚಲು) ಎಳೆಯ ಕಾಯಿಯನ್ನೂ ಸುಡುತ್ತದೆ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಅಲಗು ಉಜ್ಜಿ, ಪೊರೆ ಕಟ್ಟದ ತನಕ ಅದ್ದಿ ನೋಡುತ್ತಿರಿ.