ಗೊಂಬೆಗೊಂದು ಕೌದಿ: ಹೊಟ್ಟೆ ಉಬ್ಬದಂತೆ ಹೊಲಿಯುವುದು ಹೇಗೆ?

ಪಕ್ಕದ ಬೀದಿಯ ಅಕ್ಕ ಒಬ್ಬರು ಮೊಮ್ಮಗಳ ಗೊಂಬೆಗೆಂದು ಕೌದಿ ಹೊಲಿದು ತಂದು ತೋರಿಸಿದ್ದರು. ಅತ್ತೆಯ ಇಳಕಲ್ ಸೀರೆ, ಯಜಮಾನರ ಹಳೇ ಅಂಗಿ, ಮಗಳ ಶಾಲೆಯ ಯೂನಿಫಾರ್ಮು, ಎಲ್ಲಾ ಸೇರಿ ಬಣ್ಣವೇನೋ ಚೆಂದ ಹೊಂದಿತ್ತು. ಗೊಂಬೆಯ ಮೇಲೆ ಹೊದಿಸಿದೆವು. ಕೌದಿ ಮಲಗಲೇ ಇಲ್ಲ. ಕೊಟ್ಟಿಗೆಗೆ ಹೊದಿಸಿದ ತಗಡಿನ ಹಾಗೆ ಸೆಟೆದು ನಿಂತಿತು. ಒಳಗೆ ಏನು ಹಾಕಿದ್ರಿ ಅಂದರೆ, "ದಿಂಬಿಗೆ ತುಂಬೋ ಫೈಬರ್ ಉಳಿದಿತ್ತು ಕಣ್ರೀ, ಮೆತ್ತಗಿರ್ಲಿ ಅಂತ ಹಾಕಿದೆ" ಅಂದರು.

ಇಂಥ ಕೌದಿಗಳನ್ನು ನಾನು ನಾಲ್ಕಾರು ನೋಡಿದ್ದೇನೆ. ತಪ್ಪು ಎಲ್ಲರದೂ ಒಂದೇ. ದೊಡ್ಡ ಕೌದಿಯ ಉದ್ದ ಅಗಲ ಇಳಿಸುತ್ತಾರೆ, ದಪ್ಪ ಇಳಿಸುವುದಿಲ್ಲ. ಮಾರುದ್ದದ ಕೌದಿ ತನ್ನ ಭಾರಕ್ಕೆ ತಾನೇ ಬಗ್ಗಿ ಮೈಗೆ ಕೂರುತ್ತದೆ. ಗೇಣುದ್ದದ್ದಕ್ಕೆ ಆ ಭಾರ ಎಲ್ಲಿಂದ ಬರಬೇಕು? ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಫೈಬರ್ ಬೇಡ, ಫೋಮ್ ಶೀಟ್ ಬೇಡ, ಕಾಲರಿಗೆ ಹಾಕುವ ಬಕ್ರಂ ಅಂತೂ ಬೇಡವೇ ಬೇಡ. ಮೂರು ಪದರ ಸಾಕು. ಮೇಲೆ ತುಂಡುಗಳು, ನಡುವೆ ತೆಳುವಾದ ಮಲ್ ಬಟ್ಟೆ ಅಥವಾ ಸವೆದ ಪಂಚೆ, ಕೆಳಗೆ ಹಳೇ ಸೀರೆ.

ಅಳತೆ: ಸಾಧಾರಣ ಬಟ್ಟೆ ಗೊಂಬೆಗೆ 12 ಇಂಚು ಅಗಲ, 16 ಇಂಚು ಉದ್ದ.

ಬಟ್ಟೆ ಹುಡುಕುವುದು

ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮ ದಾವಣಗೆರೆ. ಮಿಲ್ಲಿನ ಕಾಲ ಮುಗಿಯಿತು, ಸುತ್ತಲಿನ ಹತ್ತಿ ಹೊಲಗಳಿಗೆ ಮೆಕ್ಕೆಜೋಳ ಬಂತು. ಆದರೂ ಹಳೇ ಮನೆಗಳ ಟ್ರಂಕು ತೆಗೆದರೆ ಅಸಲಿ ಹತ್ತಿ ಬಟ್ಟೆ ಇನ್ನೂ ಸಿಗುತ್ತದೆ. ಅಂಗಡಿಗೆ ಹೋಗಿ ಹೊಸ ಬಟ್ಟೆ ಹರಿಸಿಕೊಂಡು ಬಂದರೆ ಅದು ಕೌದಿಯೇನೋ ಆಗುತ್ತದೆ, ಮನೆಯ ನೆನಪು ಆಗುವುದಿಲ್ಲ. ಅಜ್ಜನ ಪಂಚೆ, ಅಜ್ಜಿಯ ಕುಬಸ, ಅಪ್ಪನ ಲುಂಗಿ, ಮಗುವಿನ ಕುಲಾವಿ, ಇಂಥವು ಬೇಕು. ಕುಲಾವಿಯಿಂದ ಒಂದೇ ತುಂಡು ಬಂದರೂ ಸರಿ, ಅದಕ್ಕೆ ನಡುಮಧ್ಯದ ಜಾಗ ಕೊಡಿ.

ಹತ್ತಿಯೋ ಪಾಲಿಸ್ಟರೋ ಗೊತ್ತಾಗದಿದ್ದರೆ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಬೆರೆಸಬೇಡಿ. ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಆಮೇಲೆ ಕೌದಿಯ ತುಂಬಾ ಸುಕ್ಕು.

ಹಳೇ ಸೀರೆಯನ್ನು ಕಿಟಕಿಗೆ ಹಿಡಿದು ನೋಡಿ. ಬೆಳಕು ಜರಡಿಯ ಹಾಗೆ ತೂರಿ ಬಂದರೆ ಆ ಭಾಗ ಬಿಟ್ಟುಬಿಡಿ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಬಣ್ಣವೂ ಉಳಿದಿರುತ್ತದೆ. ಮದುವೆಯ ಮೊಳಕಾಲ್ಮೂರು ರೇಷ್ಮೆಗೆ ಕತ್ತರಿ ಹಾಕುವ ಆಸೆ ಬರುತ್ತದೆ, ನನಗೂ ಬಂದಿತ್ತು. ಬೇಡ. ಹಳೇ ರೇಷ್ಮೆ ಮಡಿಕೆಯ ಗುಂಟ ಬಿರುಕು ಬಿಟ್ಟಿರುತ್ತದೆ, ಜರಿ ಸೂಜಿಗೆ ಸಿಕ್ಕಿ ಎಳೆ ಬಿಡುತ್ತದೆ. ಹಾಕಲೇಬೇಕು ಅನ್ನಿಸಿದರೆ ಜರಿ ಇಲ್ಲದ ಒಳತುದಿಯಿಂದ ಒಂದೇ ತುಂಡು ತೆಗೆದು, ಕೆಳಗೆ ಮಲ್ ಬಟ್ಟೆ ಕೊಟ್ಟು ಬಳಸಿ. ಉಳಿದ ಸೀರೆ ಹಾಗೇ ಇರಲಿ.

ತೊಳೆದು, ಕತ್ತರಿಸಿ

ಎಲ್ಲವನ್ನೂ ಒಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಹಾಕಿದರೆ ಇರುವ ಬಣ್ಣವೂ ಹೋದೀತು. ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಅಂಟಿದರೆ ಆ ಬಟ್ಟೆಯ ಆಸೆ ಬಿಡಿ. ಉಪ್ಪು ನೀರಲ್ಲಿ ನೆನೆಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ನಾನು ನಂಬಿ ಅಜ್ಜನ ಬಿಳಿ ಪಂಚೆಯನ್ನು ಗುಲಾಬಿ ಮಾಡಿಕೊಂಡಿದ್ದೇನೆ.

ಎರಡೂವರೆ ಇಂಚಿನ 48 ಚೌಕ ಕತ್ತರಿಸಿ. ಹಾಸು ಹೊಕ್ಕಿನ ನೇರಕ್ಕೇ ಕತ್ತರಿ ಓಡಬೇಕು. ಓರೆಯಾಗಿ ಕತ್ತರಿಸಿದ ತುಂಡು ಎಳೆದಷ್ಟೂ ಹಿಗ್ಗುತ್ತದೆ. ಗುರುತು ಹಾಕಲು ಟೈಲರ್ ಚಾಕ್ ಇಲ್ಲವೇ ಸವೆದ ಸೋಪಿನ ಚೂರು ಸಾಕು. ಬಾಲ್ ಪೆನ್ ಮುಟ್ಟಬೇಡಿ.

ಪ್ರತಿ ಚೌಕದ ಅಕ್ಕಪಕ್ಕದ ಎರಡು ಅಂಚನ್ನು ಕಾಲು ಇಂಚು ಒಳಮಡಚಿ ಇಸ್ತ್ರಿ ಮಾಡಿ. ಮಡಚದ ಅಂಚು ಪಕ್ಕದ ತುಂಡಿನ ಕೆಳಗೆ ಕಾಲು ಇಂಚು ಹೋಗುವಂತೆ ಮಲ್ ಬಟ್ಟೆಯ ಮೇಲೆ ಜೋಡಿಸಿ, ಮಡಿಕೆಗಳ ಗುಂಟ ಸಣ್ಣ ಹೆಮ್ಮಿಂಗ್ ಮಾಡಿ. ಅಡ್ಡ 6, ಉದ್ದ 8. ಇದಕ್ಕೊಂದು ಸಂಜೆ ಸಾಕು. ಫ್ಯಾಬ್ರಿಕ್ ಗಮ್ ಹಚ್ಚಿ ಅಂಟಿಸಿದರೆ ಬೇಗ ಆಗುತ್ತದಲ್ಲ ಅಂತ ಕೇಳುವವರಿದ್ದಾರೆ. ಬೇಗ ಆಗುತ್ತದೆ, ನಿಜ. ಆಮೇಲೆ ಸೂಜಿ ಓಡುವುದಿಲ್ಲ, ಅಂಟಿನ ಜಾಗ ಅಟ್ಟೆಯ ಹಾಗೆ ಗಟ್ಟಿಯಾಗುತ್ತದೆ.

ಕೆಡುವುದು ಇಲ್ಲೇ

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತು ಸುತ್ತಾಗಿ ಒಳಗೆ ಸಾಗಿ ನಡುವೆ ಮುಗಿಯುತ್ತದೆ. ನೋಡಲು ಇದೇ ಚೆಂದ, ಬೇರೆ ವಿನ್ಯಾಸ ನನಗೆ ಒಪ್ಪಿಗೆಯಿಲ್ಲ. ಆದರೆ ಅಪಾಯವೂ ಇದರಲ್ಲೇ ಇದೆ. ಸೂಜಿ ಪ್ರತಿ ಸುತ್ತಿನಲ್ಲೂ ಮೇಲಿನ ಬಟ್ಟೆಯನ್ನು ಒಂದು ಕೂದಲೆಳೆಯಷ್ಟು ಒಳಕ್ಕೆ ತಳ್ಳುತ್ತಾ ಬರುತ್ತದೆ. ಐದಾರು ಸುತ್ತು ಆದ ಮೇಲೆ ಆ ಎಳೆಗಳೆಲ್ಲ ಸೇರಿ ನಡುವೆ ಗುಳ್ಳೆ ಏಳುತ್ತದೆ. ನಮ್ಮಜ್ಜಿ ಇದಕ್ಕೆ "ಕೌದಿ ಬಸುರಾತು" ಅನ್ನುತ್ತಿದ್ದಳು. ಎಷ್ಟೋ ಜನ ಆ ಗುಳ್ಳೆಯನ್ನು ಮಡಚಿ, ಮೇಲೆ ಹೊಲಿದು, ಇಸ್ತ್ರಿ ಉಜ್ಜಿ ಮುಗಿಸುತ್ತಾರೆ. ಗೊಂಬೆಯ ಎದೆಯ ಮೇಲೆ ಸರಿಯಾಗಿ ಒಂದು ಗಂಟು.

ಇದನ್ನು ತಡೆಯುವುದು ಕಚ್ಚಾ ಹೊಲಿಗೆ ಒಂದೇ. ಅದನ್ನೇ ಜನ ಬಿಡುವುದು, ಹೇಗೂ ಕಿತ್ತು ಹಾಕುವುದಲ್ಲ ಅಂತ.

14 ಇಂಚು ಅಗಲ, 18 ಇಂಚು ಉದ್ದದ ಹಿಂಬಟ್ಟೆಯನ್ನು ನೆಲದ ಮೇಲೆ ಹಾಸಿ. ಮಂಚ ಬೇಡ, ಹಾಸಿಗೆ ತಗ್ಗುತ್ತದೆ. ರೆಡ್ ಆಕ್ಸೈಡ್ ನೆಲ ಇದ್ದವರು ಪುಣ್ಯವಂತರು. ಬಟ್ಟೆಯ ನಾಲ್ಕು ಮೂಲೆಗೆ ಟೇಪ್ ಹಚ್ಚಿ. ಎಳೆದು ಬಿಗಿಯಬೇಡಿ, ಸುಕ್ಕು ಹೋದರೆ ಸಾಕು. ಬಿಗಿದು ಹಚ್ಚಿದ ಬಟ್ಟೆ ಟೇಪ್ ತೆಗೆದಾಗ ಕುಗ್ಗಿ ಮೇಲಿನದನ್ನೂ ಮುದುರಿಸುತ್ತದೆ. ಅದರ ನಡುವೆ, ಸುತ್ತಲೂ ಒಂದೊಂದು ಇಂಚು ಬಿಟ್ಟು, ತುಂಡು ಜೋಡಿಸಿದ ಬಟ್ಟೆಯನ್ನು ಇಡಿ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ.

ಈಗ ಎದ್ದು ಕಾಣುವ ಬಣ್ಣದ ದಾರ ತೆಗೆದುಕೊಂಡು, ನಡುವಿನಿಂದ ನಾಲ್ಕು ಮೂಲೆಗೂ ನಾಲ್ಕು ಬದಿಗೂ ಸೂರ್ಯನ ಕಿರಣದಂತೆ ಎಂಟು ಗೆರೆ ಹೊಲಿಯಿರಿ. ಹೊಲಿಗೆ ಒಂದೊಂದು ಇಂಚು ಉದ್ದವಿದ್ದರೂ ನಡೆಯುತ್ತದೆ. ಪ್ರತಿ ಸಲವೂ ಶುರು ನಡುವಿನಿಂದಲೇ, ಕೊನೆ ಅಂಚಿನಲ್ಲೇ. ಹೆಚ್ಚುವರಿ ಬಟ್ಟೆ ಇದ್ದರೆ ಹೊರಗೆ ಹೋಗಿಬಿಡುತ್ತದೆ. ಆಮೇಲೆ ಎರಡೆರಡು ಇಂಚಿಗೊಂದರಂತೆ ಅಡ್ಡ ಉದ್ದ ಗೆರೆ ಎಳೆದು ಬಲೆ ಮಾಡಿ. ಕೌದಿಯನ್ನು ಎತ್ತಿ ಝಾಡಿಸಿ ನೋಡಿ. ಮೂರು ಪದರ ಒಂದೇ ಬಟ್ಟೆಯ ಹಾಗೆ ಆಡಿದರೆ ಮುಂದಕ್ಕೆ ಹೋಗಿ, ಇಲ್ಲದಿದ್ದರೆ ಇನ್ನೊಂದಷ್ಟು ಗೆರೆ. ಗುಂಡುಪಿನ್ನು ಸಿಕ್ಕಿಸಿದರೆ ಸಾಲದು. ಅದು ಚುಚ್ಚಿದ ಜಾಗದಲ್ಲಿ ಮಾತ್ರ ಹಿಡಿಯುತ್ತದೆ, ಮಿಕ್ಕ ಕಡೆ ಬಟ್ಟೆ ಜಾರುತ್ತಲೇ ಇರುತ್ತದೆ.

ಹೊರಗುಳಿದ ಒಂದು ಇಂಚನ್ನು ಅರ್ಧರ್ಧವಾಗಿ ಎರಡು ಮಡಿಕೆ ಮಾಡಿ ಮೇಲಕ್ಕೆ ತನ್ನಿ. ಅಂಚು ಕಟ್ಟುವ ಕೆಲಸ ಅಲ್ಲಿಗೆ ಮುಗಿಯಿತು, ಮೊದಲ ಸುತ್ತಿನ ಹೊಲಿಗೆ ಅದನ್ನು ಹಿಡಿದುಕೊಳ್ಳುತ್ತದೆ.

ಸೂಜಿ ಗಿಡ್ಡದ್ದು, ತೆಳ್ಳಗಿನದು ಇರಲಿ. ಕೈಹೊಲಿಗೆ ಸೂಜಿಗಳಲ್ಲಿ ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣ ಅನ್ನುವುದು ನೆನಪಿರಲಿ. ದೊಡ್ಡ ಕೌದಿಗೆ ಬಳಸುವ ದಪ್ಪ ಸೂಜಿ ಇಲ್ಲಿ ತೂತು ಉಳಿಸುತ್ತದೆ. ಹತ್ತಿ ದಾರ, ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದ ದಾರ ಹಾಕಿದರೆ ಪೋಣಿಸುವ ಶ್ರಮ ಉಳಿಯುತ್ತದೆ ಅಂದುಕೊಳ್ಳುತ್ತೀರಿ. ಅದು ಬಟ್ಟೆಯಲ್ಲಿ ನೂರು ಸಲ ಉಜ್ಜಿ ನವೆದು ಗಂಟಾಗುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸುಲಭವಾಗಿ ಓಡುತ್ತದೆ. ತುದಿಗೆ ಸಣ್ಣ ಗಂಟು ಹಾಕಿ, ಅದನ್ನು ಮೆಲ್ಲಗೆ ಜಗ್ಗಿ ಪದರಗಳ ನಡುವೆ ಅಡಗಿಸಿ.

ಇಂಚಿಗೆ ಐದು ಹೊಲಿಗೆ, ಸುತ್ತಿಗೂ ಸುತ್ತಿಗೂ ಅರ್ಧ ಇಂಚು ಅಂತರ. ಹೊಲಿಗೆ ಸಾಲಿನ ಒಟ್ಟು ಉದ್ದ ಸುಮಾರು 32 ಅಡಿ ಆಗುತ್ತದೆ. ದಿನಕ್ಕೊಂದು ಗಂಟೆ ಕೂತರೆ ಎರಡು ವಾರ. ತೆಳುವಾದ ಕಡೆ ಸೂಜಿಯಲ್ಲಿ ಮೂರು ನಾಲ್ಕು ಹೊಲಿಗೆ ಏರಿಸಿ ಒಮ್ಮೆಗೇ ಎಳೆಯಬಹುದು. ತುಂಡಿನ ಮೇಲೆ ತುಂಡು ಕೂತ ಕಡೆ ಹಾಗೆ ಮಾಡಬೇಡಿ, ಒಂದೊಂದೇ ಹೊಲಿಗೆಯನ್ನು ನೆಟ್ಟಗೆ ಕೆಳಗಿಳಿಸಿ ನೆಟ್ಟಗೆ ಮೇಲೆತ್ತಿ. ಮೂಲೆ ಬಂದಾಗ ಮೂಲೆಯ ಬಿಂದುವಿನಲ್ಲೇ ಒಂದು ಹೊಲಿಗೆ ಬೀಳಬೇಕು, ಆಮೇಲೆ ಕೌದಿ ತಿರುಗಿಸಿ. ಮೂಲೆ ಹಾರಿಸಿ ಹೊಲಿದರೆ ಎರಡನೇ ಸುತ್ತಿಗೇ ಚೌಕ ಹೋಗಿ ಮೊಟ್ಟೆಯಾಗುತ್ತದೆ.

ದಾರವನ್ನು ಬಿಗಿದು ಎಳೆಯುವುದು ಇನ್ನೊಂದು ಕಾಯಿಲೆ. ಹೊಲಿಗೆ ಬಟ್ಟೆಯ ಮೇಲೆ ಮಲಗಿರಬೇಕು, ಬಟ್ಟೆಯನ್ನು ಕಚ್ಚಿರಬಾರದು. ಸಣ್ಣ ನಿರಿಗೆ ಇದ್ದೇ ಇರುತ್ತದೆ, ಕೌದಿಯ ಕಳೆಯೇ ಅದು. ಆದರೆ ನೆಲದ ಮೇಲಿಟ್ಟಾಗ ನಾಲ್ಕೂ ಮೂಲೆ ಬೋಗುಣಿಯ ಹಾಗೆ ಮೇಲೆದ್ದರೆ ದಾರ ಬಿಗಿಯಾಗಿದೆ ಅಂತ ಅರ್ಥ. ಪ್ರತಿ ಸುತ್ತು ಮುಗಿದಾಗ ನೆಲದ ಮೇಲೆ ಹಾಸಿ ಅಂಗೈ ಆಡಿಸಿ. ಗುಳ್ಳೆ ಕೈಗೆ ಸಿಕ್ಕರೆ ಹಿಂದಿನ ಎರಡು ಸುತ್ತು ಬಿಚ್ಚಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಬಿಚ್ಚಿ. ಕಚ್ಚಾ ಹೊಲಿಗೆಯನ್ನು ಸುತ್ತು ಅದರ ಹತ್ತಿರ ಬಂದಾಗ ಮಾತ್ರ ಅಷ್ಟಷ್ಟೇ ಕೀಳಿ, ಮೊದಲೇ ಎಲ್ಲಾ ಕಿತ್ತು ಕೂರಬೇಡಿ.

ಮಶೀನಿನಲ್ಲಿ ಆಗುವುದಿಲ್ಲವೇ ಅಂತ ಕೇಳಬೇಡಿ. ಒಮ್ಮೆ ಕೈಯಾಗದೆ ಒಂದು ಟೈಲರ್ ಅಂಗಡಿಗೆ ಕೊಟ್ಟಿದ್ದೆ. ಅರ್ಧ ಗಂಟೆಯಲ್ಲಿ ಹೊಲಿದುಕೊಟ್ಟರು, ಕಾಲೊರೆಸುವ ಮ್ಯಾಟು.

ನಡುವಿನ ಹೊಟ್ಟೆ, ಹಿಂದಿನ ಚೀಟಿ

ನಮ್ಮಜ್ಜಿ ಕೌದಿಯ ನಡುವೆ ಹೊಲಿಗೆ ಮುಚ್ಚುವ ಮೊದಲು ಹೋಳಿಗೆಯ ಚೂರೊಂದನ್ನು ಒಳಗೆ ಸೇರಿಸುತ್ತಿದ್ದಳು. ಕೌದಿ ಹಸಿದುಕೊಂಡಿರಬಾರದಂತೆ. ನಾನು ಮಾಡಲು ಹೋಗಿ ಇರುವೆಗಳಿಗೆ ಹಬ್ಬ ಮಾಡಿಸಿದೆ. ಈಗ ಹೋಳಿಗೆ ನಾವು ತಿನ್ನುತ್ತೇವೆ, ಕೌದಿಯ ಹೊಟ್ಟೆಗೆ ಉಳಿದ ಸೀರೆಯ ಚಿಂದಿ ಹೋಗುತ್ತದೆ. ಗುಂಡಿ, ಮಣಿ, ಕನ್ನಡಿ ಯಾವುದೂ ಬೇಡ. ಮೂರು ವರ್ಷದೊಳಗಿನ ಮಗು ಕಿತ್ತು ಬಾಯಿಗೆ ಹಾಕಿಕೊಂಡೀತು.

ಅಮ್ಮನ ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದ ವಿಳಾಸದಲ್ಲಿ ಇವತ್ತಿಗೂ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಿದೆ. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಹಾಗಾಗಿ ಟ್ರಂಕು ಅದಕ್ಕಿಂತ ಹಳೇದು ಅಂತ ಗೊತ್ತಾಗುತ್ತದೆ. ಒಳಗಿದ್ದ ಸೀರೆಗಳ ಮೇಲೆ ಏನೂ ಬರೆದಿರಲಿಲ್ಲ. ಅದರಲ್ಲಿ ಯಾವುದು ಅಜ್ಜಿಯದು, ಯಾವುದು ದೊಡ್ಡಮ್ಮನದು ಅಂತ ಹೇಳುವವರು ಈಗ ಯಾರೂ ಇಲ್ಲ. ಅದಕ್ಕೆ ಕೌದಿಯ ಹಿಂದೆ ಬಿಳಿ ಬಟ್ಟೆಯ ಚೀಟಿಯೊಂದನ್ನು ಹೊಲಿಯಿರಿ: ಹೊಲಿದವರ ಹೆಸರು, ಊರು, ವರ್ಷ. ಶಾಯಿ ಒಗೆತಕ್ಕೆ ಹೋಗುತ್ತದೆ, ಎರಡೆಳೆ ದಾರದಲ್ಲಿ ಕಸೂತಿ ಮಾಡಿ. ಯಾವ ಚೌಕ ಯಾರ ಬಟ್ಟೆ ಅಂತ ಕಾಗದದ ಮೇಲೆ 48 ಮನೆಯ ನಕ್ಷೆ ಬರೆದು ಮಗುವಿನ ಅಮ್ಮನ ಕೈಗೆ ಕೊಡಿ.

ಎತ್ತಿಡುವಾಗ ಮಡಚದೆ ಸುರುಳಿ ಸುತ್ತಿ, ಹಳೇ ಪಂಚೆಯಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಕವರ್ ಬೇಡ. ಮಗು ಬಾಯಿಗೆ ಹಾಕುವ ಬಟ್ಟೆಗೆ ನುಸಿಗುಳಿಗೆಯೂ ಬೇಡ, ಒಣಗಿದ ಬೇವಿನ ಸೊಪ್ಪನ್ನು ಬೇರೆ ಚೀಲದಲ್ಲಿ ಹಾಕಿ ಪಕ್ಕದಲ್ಲಿಡಿ. ಮಗು ಗೊಂಬೆಯನ್ನು ಬಿಟ್ಟು ಬೆಕ್ಕಿನ ಮರಿಗೆ ಹೊದಿಸಿದರೆ ಬೈಯಬೇಡಿ. ಅಂಟುವಾಳದ ನೀರಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ನೆರಳಲ್ಲಿ ಹಾಸಿದರೆ ಸಂಜೆಗೆ ಒಣಗುತ್ತದೆ.