ಕರಾವಳಿಯ ಸೆಕೆಯಲ್ಲಿ ಆಫೀಸಿಗೆ ಸೈಕಲ್: ಬೆವರಿನ ಲೆಕ್ಕಾಚಾರ

ಕಲಬುರಗಿ, ರಾಯಚೂರಿನ ಬಿಸಿಲಿಗೆ ಹೊಂದುವ ಸಲಹೆಗಳನ್ನು ಮಂಗಳೂರಿಗೆ ತಂದರೆ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ 40 ಡಿಗ್ರಿ ದಾಟಿದರೂ ಗಾಳಿ ಒಣ. ಬೆವರು ಬಂದ ಹಾಗೆಯೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಇಲ್ಲಿ ಏಪ್ರಿಲ್ ತಿಂಗಳ ಹೆಚ್ಚಿನ ದಿನ ಉಷ್ಣಾಂಶ 34ರ ಆಸುಪಾಸಿನಲ್ಲೇ ಇರುತ್ತದೆ, ಆದರೆ ಗಾಳಿಯೇ ಒದ್ದೆ. ಬೆವರು ಇಳಿಯುತ್ತದೆ, ಆರುವುದಿಲ್ಲ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಬಿಸಿ ಕಳೆಯುತ್ತದೆ. ಗಲ್ಲದಿಂದ ಹ್ಯಾಂಡಲ್ ಮೇಲೆ ತೊಟ್ಟಿಕ್ಕಿದ ಬೆವರಿನಿಂದ ನಯಾಪೈಸೆ ಲಾಭವಿಲ್ಲ, ಬೋಲ್ಟಿಗೆ ತುಕ್ಕು ಹಿಡಿಯುವುದು ಬಿಟ್ಟರೆ. ಹಾಗಾಗಿ ಸೆಕೆಯಲ್ಲಿ ತುಳಿಯುವವರು ನೋಡಬೇಕಾದದ್ದು ಎರಡೇ: ಮೈಯಲ್ಲಿ ಬಿಸಿ ಕಡಿಮೆ ಹುಟ್ಟಬೇಕು, ಹುಟ್ಟಿದ ಬಿಸಿಗೆ ಗಾಳಿ ತಾಗಬೇಕು.

ಹೊತ್ತು, ನೆರಳು, ಗಾಳಿ

ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ಮಂಗಳೂರು, ಉಡುಪಿ ಇರುವುದು 75 ಡಿಗ್ರಿಯ ಹತ್ತಿರ. ಹಾಗಾಗಿ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಹನ್ನೆರಡೂವರೆಗೆ. ಬೆಳಿಗ್ಗೆ ಇದರಿಂದ ಅರ್ಧ ಗಂಟೆ ಲಾಭ, ಸಂಜೆ ಅಷ್ಟೇ ನಷ್ಟ: ಐದು ಗಂಟೆ ಎಂದರೆ ಬಿಸಿಲಿನ ಲೆಕ್ಕದಲ್ಲಿ ನಾಲ್ಕೂವರೆ. ಬೆಳಿಗ್ಗೆ ಎಂಟೂವರೆಯೊಳಗೆ ತಲುಪಿ, ಸಂಜೆ ಐದೂ ಮುಕ್ಕಾಲರ ಮೇಲೆ ಹೊರಟರೆ ಬಿಸಿಲಿನ ಮುಕ್ಕಾಲು ಪಾಲು ತೊಂದರೆ ತಪ್ಪಿತು. ಬೆಳಗಿನ ಏಳು ಗಂಟೆಗೆ ಗಾಳಿಯಲ್ಲಿ ತೇವ ಹೆಚ್ಚು, ಎಲೆ ಅಲುಗುವುದಿಲ್ಲ ಎಂಬುದು ನಿಜ. ಆದರೂ ಬಿಸಿಲಿಲ್ಲದ 27 ಡಿಗ್ರಿ ಮತ್ತು ಹತ್ತು ಗಂಟೆಯ ಬಿಸಿಲು, ಎರಡಕ್ಕೂ ಹೋಲಿಕೆಯೇ ಇಲ್ಲ.

ದಾರಿ ಯಾವ ದಿಕ್ಕಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ನಾವು ಓಡಿಸುವುದು ಎಡಬದಿಯಲ್ಲಿ. ಸುರತ್ಕಲ್‌ನಿಂದ ಮಂಗಳೂರಿಗೆ, ಅಂದರೆ ದಕ್ಷಿಣಕ್ಕೆ ಬರುವವರು ರಸ್ತೆಯ ಪೂರ್ವದ ಅಂಚಿನಲ್ಲಿರುತ್ತಾರೆ. ಬೆಳಗಿನ ಬಿಸಿಲಿಗೆ ಆ ಬದಿಯ ಮರ, ಕಟ್ಟಡಗಳ ನೆರಳು ಇವರ ಮೇಲೇ ಬೀಳುತ್ತದೆ. ಸಂಜೆ ಮರಳುವಾಗ ಪಶ್ಚಿಮದ ಅಂಚು, ಆಗಲೂ ನೆರಳು ಇವರದ್ದೇ. ಆದರೆ ಬೇಸಗೆಯಲ್ಲಿ ಹನ್ನೊಂದು–ಹನ್ನೆರಡರ ಹೊತ್ತಿಗೆ ಏಳುವ ಕಡಲ ಗಾಳಿ ಸಂಜೆವರೆಗೂ ಪಶ್ಚಿಮ–ವಾಯವ್ಯದಿಂದ ಬೀಸುತ್ತದೆ. ಮರಳುವ ದಾರಿಯ ಕೂಳೂರು ಸೇತುವೆಯ ಮೇಲೆ ಅದು ನೇರ ಎದೆಗೆ. ಮಂಗಳೂರಿನಲ್ಲಿ ಮನೆ, ಪಣಂಬೂರಿನಲ್ಲಿ ಕೆಲಸ ಇದ್ದವರಿಗೆ ಎಲ್ಲ ತಿರುವುಮುರುವು: ಎರಡು ಹೊತ್ತೂ ಬಿಸಿಲು, ಸಂಜೆ ಗಾಳಿ ಮಾತ್ರ ಬೆನ್ನಿಗೆ. ಬೆನ್ನಿನ ಗಾಳಿ ಆರಾಮ ಎಂದುಕೊಳ್ಳಬೇಡಿ. ಗಾಳಿಯ ವೇಗದಲ್ಲೇ ಸೈಕಲೂ ಹೋಗುತ್ತಿದ್ದರೆ ಮೈಗೆ ತಾಗುವ ಗಾಳಿ ಸೊನ್ನೆ. ಎದುರು ಗಾಳಿಗಿಂತ ಹೆಚ್ಚು ಬೆವರು ಸುರಿಯುವುದು ಅಂಥ ಹೊತ್ತಿನಲ್ಲೇ.

ಉಡುಪಿ–ಮಣಿಪಾಲ ರಸ್ತೆಯ ಕತೆ ಬೇರೆ. ಅದು ಪೂರ್ವ–ಪಶ್ಚಿಮ. ಬೆಳಿಗ್ಗೆ ಕಡಿಯಾಳಿ, ಕುಂಜಿಬೆಟ್ಟು ದಾಟಿ ಮೇಲೇರುವಾಗ ಸೂರ್ಯ ಕಣ್ಣಿಗೆ, ಸಂಜೆ ಇಳಿಯುವಾಗಲೂ ಕಣ್ಣಿಗೆ. ನಿಮಗಿಂತ ನಿಮ್ಮ ಹಿಂದಿನ ಬಸ್ಸಿನ ಡ್ರೈವರಿಗೆ ಅದು ಹೆಚ್ಚು ಕಷ್ಟ, ಧೂಳು ಕೂತ ಗಾಜಿನ ಹಿಂದಿನಿಂದ ನೋಡಬೇಕು. ಹಾಡಹಗಲಾದರೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ. ಬಸ್ ಸ್ಟಾಪಿಗೆ ಎಳೆಯುತ್ತಿರುವ ಬಸ್ಸಿನ ಎಡಕ್ಕೆ ನುಗ್ಗುವುದು ಯಾವ ಕಾಲದಲ್ಲೂ ಬೇಡ.

ಮಂಗಳೂರು ಪೇಟೆಯ ಕಾಂಕ್ರೀಟ್ ರಸ್ತೆಗಳು ಡಾಮರಿನಷ್ಟು ಕಾಯುವುದಿಲ್ಲ, ಆದರೆ ಬೆಳಕನ್ನು ಮುಖಕ್ಕೇ ಎರಚುತ್ತವೆ. ತಂಪು ಕನ್ನಡಕ ಬೇಕು. ಕಾಂಕ್ರೀಟ್ ಮುಗಿದು ಕೆಮ್ಮಣ್ಣು ಶುರುವಾಗುವ ಅಂಚಿನಲ್ಲಿ ಕೆಲವೆಡೆ ನಾಲ್ಕು ಬೆರಳಿನಷ್ಟು ತಗ್ಗು ಉಂಟು. ನೆರಳು ಹುಡುಕಿ ಅಂಚಿಗೆ ಹೋದವರು ಅಲ್ಲಿ ಚಕ್ರ ಇಳಿಸಿಕೊಂಡು, ಓರೆಯಾಗಿ ಹತ್ತಿಸಲು ಹೋಗಿ ಬೀಳುತ್ತಾರೆ. ಇಳಿದರೆ ನಿಲ್ಲಿಸಿ, ಎತ್ತಿ ಇಡಿ.

ಗುಡ್ಡೆ ಹತ್ತುವುದು

ಪಂಪ್‌ವೆಲ್‌ನಿಂದ ಕಂಕನಾಡಿ, ಹಂಪನಕಟ್ಟೆಯಿಂದ ಬಾವುಟಗುಡ್ಡೆ, ಕಲ್ಸಂಕದಿಂದ ಮಣಿಪಾಲ. ಶರಟು ಹಾಳಾಗುವುದು ಇಂಥ ಏರುಗಳಲ್ಲಿ. ಸೈಕಲ್, ಚೀಲ, ಸವಾರ ಎಲ್ಲ ಸೇರಿ 85 ಕಿಲೋ, ನೂರು ಮೀಟರಿಗೆ ಐದು ಮೀಟರ್ ಏರು ಎಂದಿಟ್ಟುಕೊಳ್ಳಿ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 160 ವಾಟ್ ಬೇಕು, 8 ಕಿ.ಮೀ. ವೇಗಕ್ಕೆ ಸುಮಾರು 110. ಸ್ನಾಯು ಸುಡುವ ಶಕ್ತಿಯಲ್ಲಿ ಪೆಡಲಿಗೆ ದಕ್ಕುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಬಿಸಿ. ಅಂದರೆ 160 ವಾಟ್ ತುಳಿಯುವವರ ಮೈಯೊಳಗೆ ಹುಟ್ಟುವ ಬಿಸಿ 500 ವಾಟ್‌ಗೆ ಬರುತ್ತದೆ, 1,000 ವಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು. ಅದೂ ಗಾಳಿಯೇ ತಾಗದ ನಿಧಾನ ವೇಗದಲ್ಲಿ.

ಆದ್ದರಿಂದ ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬನ್ನಿ, ಕೂತೇ ತುಳಿಯಿರಿ, ನಿಮಿಷಕ್ಕೆ 70 ಸುತ್ತು ಸಾಕು. ಮೂಗಿನಲ್ಲೇ ಉಸಿರಾಡಲು ಆಗುವಷ್ಟು ವೇಗ ಸರಿಯಾದ ವೇಗ. ಬಾಯಿ ತೆರೆಯಿತೆಂದರೆ ಒಂದು ಗೇರ್ ಇಳಿಸಿ. ಗೇರಿಲ್ಲದ ಸೈಕಲ್ಲಾದರೆ ಹಿಂದಿನ 18 ಹಲ್ಲಿನ ಫ್ರೀವೀಲ್ (ಚೈನು ಕೂರುವ ಹಲ್ಲುಗಾಲಿ) ತೆಗೆಸಿ 22 ಹಲ್ಲಿನದ್ದು ಹಾಕಿಸಿ. ಹಿಂಚಕ್ರವನ್ನು ತುಸು ಮುಂದಕ್ಕೆ ಸರಿಸಿದರೆ ಹಳೆಯ ಚೈನೇ ಸಾಲಬಹುದು, ಜಾಗವಿಲ್ಲದಿದ್ದರೆ ಚೈನಿಗೆ ಕೊಂಡಿ ಸೇರಿಸಬೇಕು. ಸಪಾಟು ರಸ್ತೆಯಲ್ಲಿ ವೇಗ ಕಡಿಮೆಯಾಗುತ್ತದೆ, ಆಗಲಿ. ಇಳಿದು ತಳ್ಳಿಕೊಂಡು ಹೋಗುವುದರಲ್ಲೂ ನಾಚಿಕೆಪಡುವಂಥದ್ದು ಏನಿಲ್ಲ.

ಬೆನ್ನಿಗೆ ಚೀಲ ಹಾಕಿಕೊಂಡರೆ ಮೈಯಲ್ಲಿ ಬೆವರು ಆರುವ ಅತಿ ದೊಡ್ಡ ಜಾಗಕ್ಕೇ ಮುಚ್ಚಳ ಹಾಕಿದಂತೆ. ಕ್ಯಾರಿಯರ್ ಹಾಕಿಸಿ, ಪಕ್ಕಕ್ಕೆ ನೇತಾಡುವ ಚೀಲ ತನ್ನಿ. ಹಿಮ್ಮಡಿ ತಾಗುತ್ತಿದ್ದರೆ ಚೀಲವನ್ನು ಎರಡು ಬೆರಳು ಹಿಂದಕ್ಕೆ ಸರಿಸಬೇಕು. ಲ್ಯಾಪ್‌ಟಾಪ್ ಇದ್ದರೆ ಅದರ ಮೆತ್ತನೆ ಕವಚದಲ್ಲಿಟ್ಟು, ಕ್ಯಾರಿಯರಿನ ಕಬ್ಬಿಣಕ್ಕೆ ತಾಗದಂತೆ ನಡುವೆ ಬಟ್ಟೆ ಇರಲಿ. ಈ ಒಂದು ಬದಲಾವಣೆ ಬೇರೆಲ್ಲ ಖರ್ಚಿಗಿಂತ ಹೆಚ್ಚು ಫಲ ಕೊಡುತ್ತದೆ.

ತುಳಿಯುವಾಗಿನ ಅಂಗಿ ಸಡಿಲ, ತೆಳು ಪಾಲಿಯೆಸ್ಟರ್ ಆಗಿರಲಿ. ಸೆಕೆಗೆ ಹತ್ತಿಯೇ ಒಳ್ಳೆಯದು ಎಂಬ ಮಾತು ಕೂತಿರುವವರಿಗೆ ಸರಿ. ಬೆವರು ಹರಿಯುವಾಗ ಹತ್ತಿ ನೀರು ಕುಡಿದು ಮೈಗೆ ಅಂಟುತ್ತದೆ, ತೊಡೆ ಸಂದು ಉಜ್ಜುತ್ತದೆ. ಹೆಲ್ಮೆಟ್ ಒಳಗೆ ಹಣೆಗೆ ಹಳೆಯ ಬೈರಾಸಿನ (ತೆಳು ಹತ್ತಿ ಟವೆಲಿನ) ಮೂರು ಬೆರಳಗಲದ ಪಟ್ಟಿ ಕಟ್ಟಿಕೊಂಡರೆ ಕಣ್ಣಿಗೆ ಉಪ್ಪು ಇಳಿಯುವುದಿಲ್ಲ.

ತಲುಪಿದ ಮೇಲಿನ ಕಾಲು ಗಂಟೆ

ಎಲ್ಲರೂ ತಪ್ಪು ಮಾಡುವುದು ಇಲ್ಲಿ. ದಾರಿಯಲ್ಲಿ ಅಷ್ಟಾಗಿ ಬೆವರಿಲ್ಲ, ಸೈಕಲ್ ನಿಲ್ಲಿಸಿದ ಎರಡು ನಿಮಿಷಕ್ಕೆ ಧಾರೆ. ಒಳಗೆ ಸಂಗ್ರಹವಾದ ಬಿಸಿ ಹೊರಬರುತ್ತಲೇ ಇರುತ್ತದೆ, ಮುಖಕ್ಕೆ ಬೀಸುತ್ತಿದ್ದ ಗಾಳಿ ಮಾತ್ರ ನಿಂತಿತು. ಈ ಹೊತ್ತಿನಲ್ಲಿ ಇಸ್ತ್ರಿ ಶರಟು ಹಾಕಿದರೆ ಅದೂ ಹೋಯಿತು.

ಕೊನೆಯ ಒಂದು ಕಿಲೋಮೀಟರನ್ನು ಸುಮ್ಮನೆ ಉರುಳಿಸುತ್ತ ಬನ್ನಿ. ಬಂದವರೇ ಫ್ಯಾನಿನ ಕೆಳಗೆ, ಇಲ್ಲವೇ ಗಾಳಿಯಾಡುವ ಜಗಲಿಯಲ್ಲಿ ಐದರಿಂದ ಎಂಟು ನಿಮಿಷ ನಿಲ್ಲಿ. ಆಮೇಲೆ ಬಚ್ಚಲಿಗೆ. ಸ್ನಾನದ ಅನುಕೂಲವಿಲ್ಲದಿದ್ದರೂ ಒಂದು ಚೆಂಬು ನೀರು, ಒಂದು ಬೈರಾಸು ಸಾಕು. ಟರ್ಕಿ ಟವೆಲ್ ಬೇಡ, ಅದು ಸಂಜೆಯಾದರೂ ಒಣಗುವುದಿಲ್ಲ. ಮೊದಲು ಮುಂಗೈ, ಮೊಣಕೈಗಳ ಮೇಲೆ ನೀರು ಹರಿಸಿ. ಅಲ್ಲಿ ರಕ್ತನಾಳಗಳು ಚರ್ಮದ ಹತ್ತಿರ ಇರುವುದರಿಂದ ಮೈ ಬೇಗ ತಣಿಯುತ್ತದೆ. ನಂತರ ಮುಖ, ಕತ್ತು, ಕಂಕುಳು, ಬೆನ್ನು, ಕೊನೆಗೆ ತೊಡೆ ಸಂದು. ಬೈರಾಸನ್ನು ಹಿಂಡಿ ಇನ್ನೊಮ್ಮೆ ಒರೆಸಿ. ಸೋಪು ಬೇಕಿರುವುದು ಕಂಕುಳಿಗೆ ಮಾತ್ರ. ಹೊಸ ಬೆವರಿಗೆ ವಾಸನೆ ಇಲ್ಲ. ಅದನ್ನು ಬ್ಯಾಕ್ಟೀರಿಯಾ ತಿನ್ನಲು ತೊಡಗಿದ ಮೇಲೆ ವಾಸನೆ. ಎರಡು ನಿಮಿಷ ಬರಿಮೈಯಲ್ಲಿದ್ದು, ಹಣೆಯಲ್ಲಿ ಹೊಸ ಹನಿ ಮೂಡದಿದ್ದರೆ ಶರಟು ಹಾಕಿ.

ಒಳ ಉಡುಪು ಬದಲಿಸಲೇಬೇಕು. ಒದ್ದೆಯಲ್ಲಿ ಕೂತರೆ ಮೊದಲು ಬೆವರುಸಾಲೆ, ಆಮೇಲೆ ಹುಳುಕಡ್ಡಿ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಎರಡು ದಿನ ಅಡಗಿಸಿ, ಹುಳುಕಡ್ಡಿಯನ್ನು ಹಬ್ಬಿಸುತ್ತದೆ. ಚರ್ಮದ ವೈದ್ಯರಿಗೇ ತೋರಿಸಿ. ತುಳಿದ ಅಂಗಿಯನ್ನು ಬರೀ ನೀರಿನಲ್ಲಿ ಹಿಂಡಿ ಕಿಟಕಿಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟರೆ ಸಂಜೆ ಅದನ್ನು ತೆರೆಯಲು ಧೈರ್ಯ ಬೇಕು. ವಾರದ ಶರಟುಗಳನ್ನೂ ಶೂಗಳನ್ನೂ ಸೋಮವಾರವೇ ಆಫೀಸಿನಲ್ಲಿ ಇಟ್ಟುಬಿಡುವುದು ಉತ್ತಮ.

ಕುಡಿಯುವುದು

ನಿಮ್ಮ ಬೆವರೆಷ್ಟು ಎಂದು ತಿಳಿಯಲು ಒಂದು ಭಾನುವಾರ ಅದೇ ದಾರಿ ತುಳಿಯಿರಿ. ಹೊರಡುವ ಮುಂಚೆ ಮತ್ತು ಬಂದ ಮೇಲೆ ಒದ್ದೆ ಬಟ್ಟೆ ಬಿಚ್ಚಿ ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರ್ ಹೋಯಿತು, ದಾರಿಯಲ್ಲಿ ಕುಡಿದದ್ದನ್ನು ಅದಕ್ಕೆ ಸೇರಿಸಿ. ಹೊರಡುವ ಅರ್ಧ ಗಂಟೆ ಮೊದಲು 300–400 ಮಿ.ಲೀ. ಕುಡಿದರೆ 40 ನಿಮಿಷದೊಳಗಿನ ದಾರಿಗೆ ಬರೀ ನೀರು ಸಾಕು. ಬಾಟಲಿಯನ್ನು ಮೂರನೇ ಒಂದು ಭಾಗ ತುಂಬಿ ರಾತ್ರಿ ಫ್ರೀಜರಿನಲ್ಲಿ ಅಡ್ಡ ಮಲಗಿಸಿ, ಬೆಳಿಗ್ಗೆ ಮೇಲಿಂದ ನೀರು ತುಂಬಿ.

ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ದಾಹಕ್ಕೆ ಒಳ್ಳೆಯದು, ಉಪ್ಪಿನ ನಷ್ಟವನ್ನು ಮಾತ್ರ ತುಂಬದು. ಅದಕ್ಕೆ ನಮ್ಮ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಉಪ್ಪು ಹಾಕಿದ ಮಜ್ಜಿಗೆಯೂ ಆದೀತು, ಪುನರ್ಪುಳಿ (ಕೋಕಂ) ಶರಬತ್ತಿಗೂ ಚಿಟಿಕೆ ಉಪ್ಪು ಹಾಕಬಹುದು. ತುಂಬಾ ಬೆವರಿದ ದಿನ ಓಆರ್‌ಎಸ್: ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕರಗಿಸಿ, ಲೋಟಕ್ಕೆ ಸುರಿದು ಗಟ್ಟಿ ಮಾಡಬೇಡಿ. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಅಳೆಯಿರಿ. ರಕ್ತದೊತ್ತಡ, ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆಯವರು ಇದನ್ನು ವೈದ್ಯರಲ್ಲಿ ಕೇಳಿಯೇ ಕುಡಿಯಬೇಕು.

ಹೊಸಬರಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮಾರ್ಚ್ ಮೊದಲಲ್ಲೇ ಶುರು ಮಾಡಿ, ಏಪ್ರಿಲ್ ನಡುವಿಗಲ್ಲ. ತಲೆ ಸುತ್ತು, ವಾಕರಿಕೆ, ಸ್ನಾಯು ಹಿಡಿತ ಕಂಡರೆ ನೆರಳಿಗೆ ಹೋಗಿ ಮೈಮೇಲೆ ನೀರು ಸುರಿದು ಗಾಳಿ ಬೀಸಿಕೊಳ್ಳಿ. ಮಾತು ತೊದಲಿದರೆ, ಬುದ್ಧಿ ಮಂಕಾದರೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುತ್ತಿರಬೇಕು. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನೂ ಹಾಕಬಾರದು.

ಸೈಕಲ್ಲಿಗೂ ಸೆಕೆ

ಬೆಳಿಗ್ಗೆ 28 ಡಿಗ್ರಿಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಟಯರು ಬಿಸಿಲಲ್ಲಿ ನಿಂತು 55 ಡಿಗ್ರಿಗೆ ಕಾದರೆ 66–67ಕ್ಕೆ ಏರುತ್ತದೆ. ಒಳ್ಳೆಯ ಟಯರಿಗೆ ಇದು ಲೆಕ್ಕಕ್ಕಿಲ್ಲ. ಪಕ್ಕ ಬಿರುಕು ಬಿಟ್ಟ ಹಳೆಯ ಟಯರು ಒಡೆಯುವುದು ಈ ಹೊತ್ತಿಗೇ. 26×1.95 ಟಯರಿಗೆ 40–45, 700×35ಕ್ಕೆ 55–60, ಟಯರಿನ ಪಕ್ಕದಲ್ಲಿ ಬರೆದ ಗರಿಷ್ಠವನ್ನು ಮುಟ್ಟಿಸಬೇಡಿ.

ಹಳೆಯ ಮಾದರಿಯ ಸೈಕಲ್‌ಗಳಲ್ಲಿ ಪಂಚರ್ ಇಲ್ಲದೆಯೂ ಗಾಳಿ ಇಳಿಯುತ್ತಿದ್ದರೆ ವಾಲ್ವ್ ಟ್ಯೂಬ್ ನೋಡಿ. ವಾಲ್ವಿನ ಒಳಗಿನ ಆ ಸಣ್ಣ ರಬ್ಬರ್ ಕೊಳವೆ ಬಿಸಿಗೆ ಮೆತ್ತಗಾಗಿ ಹರಿಯುತ್ತದೆ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ, ಗುಳ್ಳೆ ಬಂದರೆ ಅದೇ. ಪಂಚರ್ ಕಿಟ್ಟಿನ ಸೊಲ್ಯೂಶನ್ ಒಮ್ಮೆ ತೆರೆದರೆ ಬೇಸಗೆಯಲ್ಲಿ ಬೇಗ ಒಣಗುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ.

ಬಂದರು, ಪಣಂಬೂರು, ಮಲ್ಪೆ ಕಡೆಯವರ ಚೈನಿಗೆ ಉಪ್ಪುಗಾಳಿಯೇ ಶತ್ರು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದೊಂದು ರೋಲರಿಗೆ ಒಂದೊಂದೇ ಹನಿ ಮಿಶಿನ್ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಉಳಿದರೆ ಕೆಮ್ಮಣ್ಣಿನ ಧೂಳು ಸೇರಿ ಅರೆಯುವ ಹಿಟ್ಟಾಗುತ್ತದೆ. ತೆಂಗಿನೆಣ್ಣೆ ಮನೆಯಲ್ಲೇ ಉಂಟಲ್ಲ ಎಂದು ಹಚ್ಚಬೇಡಿ, ಅದು ದಿನಕಳೆದಂತೆ ಅಂಟಾಗುತ್ತದೆ. ಅಂದ ಹಾಗೆ ಸೈಕಲನ್ನು ನೆರಳಿಗೆಂದು ತೆಂಗಿನ ಮರದ ಬುಡದಲ್ಲಿ ನಿಲ್ಲಿಸುವವರಿಗೆ ಹೇಳುವಂಥದ್ದು ಏನೂ ಇಲ್ಲ.

ಏಪ್ರಿಲ್ ಕೊನೆಯಿಂದ ಪತ್ತನಾಜೆಯವರೆಗೆ (ತುಳು ತಿಂಗಳ ಲೆಕ್ಕದ ದಿನ, ಮೇ 24ರ ಸುಮಾರಿಗೆ) ಸಂಜೆಯ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು. ಘಟ್ಟದ ಕಡೆ ಕಪ್ಪಾದರೆ ಹೊರಡಬೇಡಿ, ದಾರಿಯಲ್ಲಿ ಗುಡುಗು ಕೇಳಿದರೆ ಮರದಡಿ ಬಿಟ್ಟು ಕಟ್ಟಡದ ಒಳಗೆ ನಿಲ್ಲಿ. ಮೊದಲ ಮಳೆಗೆ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಎರಡೂ ಕರಗಿ ರಸ್ತೆ ಸೋಪು ಹಚ್ಚಿದಂತಾಗುತ್ತದೆ, ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿಯಲು ಚಕ್ರ ಒಂದೆರಡು ಸುತ್ತು ಹೆಚ್ಚು ತಿರುಗಬೇಕು. ಮಣಿಪಾಲದಿಂದ ಇಂದ್ರಾಳಿ ಕಡೆಗೆ ಇಳಿಯುವವರು ಇಳಿಜಾರು ಶುರುವಾಗುವ ಮುಂಚೆಯೇ ಎರಡು ಬ್ರೇಕನ್ನೂ ಮೆಲ್ಲಗೆ ಒತ್ತಿ ರಿಮ್ ಒರೆಸಿಕೊಳ್ಳಿ, ಆಮೇಲೆ ಕೈ ಬಿಡಿ.